ಗುಂಪಿನ ಶೀಟಲ್ಲಿ ಒಬ್ಬೊಬ್ಬರ ಎಚ್‌ಆರ್‌ವಿ ಒಂದೊಂದು ಥರ, ಬೆಟ್ಟ ಹತ್ತೋ ದಿನ ಯಾವುದನ್ನ ನಂಬೋದು?

ಬೆಟ್ಟದಪಾದ_5ಗಂಟೆ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ನಮ್ಮದು ಹನ್ನೆರಡು ಜನರ ಓಟದ ಗುಂಪು. ಗುರಿ ಡಿಸೆಂಬರ್‌ನ ಹಾಫ್ ಮ್ಯಾರಥಾನ್. ಮಂಗಳವಾರ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ 3 ನಿಮಿಷದ ಏರು ಆರು ಸಲ, ಗುರುವಾರ 20 ನಿಮಿಷ ಟೆಂಪೊ (ಒಂದೇ ಸಮನೆ ಜೋರಾದ ಓಟ), ಭಾನುವಾರ 16ರಿಂದ 18 ಕಿ.ಮೀ. ಲಾಂಗ್ ರನ್. ಇನ್ನೆರಡು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಧಾನದ ಓಟ. ವಾರಕ್ಕೆ ಒಟ್ಟು 45 ಕಿ.ಮೀ. ಆಸುಪಾಸು.

ಆರು ವಾರದಿಂದ ಎಲ್ಲರ ಎಚ್‌ಆರ್‌ವಿ (ಎದೆಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗುತ್ತೆ ಅನ್ನೋ ಅಳತೆ), ರೆಸ್ಟಿಂಗ್ ಹಾರ್ಟ್ ರೇಟ್ (ಸುಮ್ಮನಿದ್ದಾಗ ನಿಮಿಷಕ್ಕೆ ಎಷ್ಟು ಬಡಿತ) ಎರಡನ್ನೂ ಒಂದೇ ಶೀಟಲ್ಲಿ ತುಂಬಿಸ್ತಾ ಇದ್ದೀವಿ. ಈಗ ಆ ಶೀಟ್ ನೋಡಿದ್ರೆ ತಲೆ ಕೆಡುತ್ತೆ:

ಒಂದೇ ವೇಗದಲ್ಲಿ ಓಡೋ ಇಬ್ಬರಲ್ಲಿ ಒಬ್ಬರದು 24, ಇನ್ನೊಬ್ಬರದು 95. ಒಬ್ಬರಿಗೆ ಅದೇ ಬೆಳಿಗ್ಗೆ ಆಪಲ್ ವಾಚಲ್ಲಿ 70, ಎದೆಗೆ ಕಟ್ಟೋ ಚೆಸ್ಟ್ ಸ್ಟ್ರಾಪಲ್ಲಿ 41. ದಿನಾ 32ರ ಹತ್ತಿರ ಇದ್ದವರಿಗೆ ಒಂದು ದಿನ ಇದ್ದಕ್ಕಿದ್ದಂತೆ 126. ಗುಂಪಿನಲ್ಲಿ ಹಿರಿಯರು, 54 ವಯಸ್ಸು, ರೆಸ್ಟಿಂಗ್ 43ಕ್ಕೆ ಇಳಿದಿದೆ, ಓಟ ಚೆನ್ನಾಗಿ ಬರ್ತಾ ಇದೆ, ಆದ್ರೆ ಎಚ್‌ಆರ್‌ವಿ ಮಾತ್ರ 60ರಿಂದ 48ಕ್ಕೆ ಬಿದ್ದಿದೆ. ಬುಧವಾರ ಬಂದ್ರೆ ಮುಕ್ಕಾಲು ಜನರ ಸಾಲು ಕೆಂಪು, ಅಂದ್ರೆ ಎಚ್‌ಆರ್‌ವಿ ಇಳಿದಿದೆ ಅಂತ.

ಮಂಗಳವಾರ ಯಾರು ಬೆಟ್ಟ ಹತ್ತಬೇಕು, ಯಾರು ಕೆರೆ ಏರಿಗೆ ಹೋಗಬೇಕು ಅಂತ ಇದನ್ನ ನೋಡಿ ಹೇಳೋಕಾಗುತ್ತಾ? ಇಲ್ಲ ಅಂದ್ರೆ ಶೀಟ್ ಮುಚ್ಚಿಬಿಡೋಣವಾ?

ನಾಡಿ_ಮಿಲಿಸೆಕೆಂಡ್ ಉತ್ತರ:

ಶೀಟ್ ಮುಚ್ಚಬೇಡಿ, ಒಡೆಯಿರಿ. ಹನ್ನೆರಡು ಜನಕ್ಕೆ ಹನ್ನೆರಡು ಹಾಳೆ. ಯಾಕೆ ಅಂತ ಹೇಳೋಕೆ ಆ 126ರಿಂದಲೇ ಶುರು ಮಾಡ್ತೀನಿ.

ಆಪ್‌ಗಳು ಸಾಮಾನ್ಯವಾಗಿ ಬೆಳಿಗ್ಗೆ ತೋರಿಸೋ ಅಂಕಿ ಆರ್‌ಎಂಎಸ್‌ಎಸ್‌ಡಿ. ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಎಷ್ಟು ಮಿಲಿಸೆಕೆಂಡ್ ಅಂತ ಬರೆದುಕೊಳ್ಳಿ, ಪಕ್ಕಪಕ್ಕದ ಅಂತರಗಳ ವ್ಯತ್ಯಾಸ ತೆಗೆಯಿರಿ, ಒಂದೊಂದನ್ನೂ ವರ್ಗ ಮಾಡಿ ಸರಾಸರಿ ತೆಗೆದು ವರ್ಗಮೂಲ ಹಿಡಿಯಿರಿ. ಅಂತರಗಳು 1040, 1075, 1050, 1090, 1060, 1030 ಇದ್ದರೆ ವ್ಯತ್ಯಾಸ 35, 25, 40, 30, 30. ವರ್ಗಗಳ ಮೊತ್ತ 5250, ಐದರಿಂದ ಭಾಗಿಸಿದ್ರೆ 1050, ಅದರ ವರ್ಗಮೂಲ ಸುಮಾರು 32. ಈಗ ನಡುವೆ ಒಂದೇ ಒಂದು ಬಡಿತ ಆತುರಪಟ್ಟು ಮುಂಚೆ ಬಂತು ಅಂತಿಟ್ಕೊಳ್ಳಿ. 1050 ಇರಬೇಕಾದ ಕಡೆ 700, ಅದರ ಹಿಂದೆಯೇ ಒಂದು ಉದ್ದ ಬಿಡುವು, 1440. ವ್ಯತ್ಯಾಸಗಳು 375, 740, 380 ಆಗಿಬಿಡ್ತವೆ. ಒಂದು ನಿಮಿಷದಲ್ಲಿ 56 ವ್ಯತ್ಯಾಸ ಸಿಕ್ಕಿ, 53 ಸರಿಯಾಗಿದ್ದು ಈ ಮೂರು ಮಾತ್ರ ಕೆಟ್ಟರೂ 32 ಇದ್ದದ್ದು 126ಕ್ಕೆ ಹೋಗುತ್ತೆ. ನಿಮ್ಮವರ ಅಂಕಿಯೇ ಬಂತು ನೋಡಿ.

ಇಂಥ ಆತುರದ ಬಡಿತ ಆರೋಗ್ಯವಂತರಲ್ಲೂ ಆಗಾಗ ಬರುತ್ತೆ. ಅದಿಲ್ಲದಿದ್ದರೆ ಸ್ಟ್ರಾಪ್ ಒಂದು ಬಡಿತ ತಪ್ಪಿಸಿರುತ್ತೆ, ಆಗ 1050 ಇದ್ದದ್ದು 2100 ಆಗಿ ಕೂರುತ್ತೆ, ಫಲ ಅದೇ. ಒಳ್ಳೆಯ ಆಪ್‌ಗಳು ಹಿಂದಿನದಕ್ಕಿಂತ ಶೇ. 20–25ಕ್ಕೂ ಹೆಚ್ಚು ಆಚೀಚೆ ಆದ ಅಂತರಗಳನ್ನ ತೆಗೆದುಹಾಕ್ತವೆ, ಹಸಿ ಡೇಟಾ ಕೊಡೋವು ತೆಗೆಯಲ್ಲ. ಅಂಕಿ ನೋಡೋ ಮೊದಲು ಬಡಿತಗಳ ಗ್ರಾಫ್ ತೆಗೆದು ನೋಡಿ. ಅಲೆಅಲೆಯಾಗಿದ್ದರೆ ಸರಿ. ಬಾಚಣಿಗೆ ಹಲ್ಲಿನ ಥರ ಒಂದು ಗೆರೆ ಮೇಲಕ್ಕೋ ಕೆಳಕ್ಕೋ ಎದ್ದಿದ್ದರೆ ಆ ದಿನದ ರೀಡಿಂಗ್ ಅಳಿಸಿ, ಎರಡು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಖಾಲಿ ಬಿಟ್ಟರೂ ನಷ್ಟವಿಲ್ಲ, ಸುಳ್ಳು ಅಂಕಿ ಮಾತ್ರ ಬೇಡ.

ಸ್ಟ್ರಾಪ್ ವಿಷಯಕ್ಕೆ ಬಂದರೆ, ಅದರ ಒಳಗಡೆಯ ಎರಡು ರಬ್ಬರ್ ಪಟ್ಟಿ ಒದ್ದೆಯಾಗಿರಬೇಕು. ಓಡುವಾಗ ಬೆವರೇ ಆ ಕೆಲಸ ಮಾಡುತ್ತೆ. ಬೆಳಿಗ್ಗೆ ಹಾಸಿಗೆಯಲ್ಲಿ ಬೆವರಿರಲ್ಲ, ನೀರು ಹಚ್ಚಲೇಬೇಕು. ಒಣ ಪಟ್ಟಿಗೆ ಸಿಂಥೆಟಿಕ್ ಟೀ ಶರ್ಟ್ ಉಜ್ಜಿದರೆ ಸ್ಥಾಯಿ ವಿದ್ಯುತ್ತಿನಿಂದಲೂ ಸುಳ್ಳು ಬಡಿತ ಎಣಿಸುತ್ತೆ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಜಾಲಿಸಿ, ಉಪ್ಪು ಕಟ್ಟಿದ ಪಟ್ಟಿ ಆರು ತಿಂಗಳಲ್ಲೇ ಸೊರಗುತ್ತೆ.

ಇನ್ನು 70 ಮತ್ತು 41. ಆಪಲ್ ಹೆಲ್ತ್ ಆಪಲ್ಲಿ ಕಾಣೋದು ಎಸ್‌ಡಿಎನ್‌ಎನ್, ಅಂದ್ರೆ ಒಟ್ಟು ಅಂತರಗಳ ಹರವು. ನಿಧಾನವಾಗಿ ಏರಿಳಿಯೋ ಅಲೆಗಳೂ ಅದರೊಳಗೆ ಸೇರ್ತವೆ. ಸ್ಟ್ರಾಪ್ ಆಪ್ ಕೊಟ್ಟದ್ದು ಆರ್‌ಎಂಎಸ್‌ಎಸ್‌ಡಿ, ಅದು ಒಂದು ಬಡಿತದಿಂದ ಮುಂದಿನದಕ್ಕೆ ಆಗೋ ಬದಲಾವಣೆ, ಬಹುಪಾಲು ಹೃದಯದ ಬಡಿತ ನಿಧಾನ ಮಾಡೋ ವೇಗಸ್ ನರದ ಕೆಲಸ. ಎರಡನ್ನೂ ಒಂದೇ ಕಾಲಂಗೆ ಹಾಕೋದು ಸೇರನ್ನೂ ಮೊಳವನ್ನೂ ಕೂಡಿದ ಹಾಗೆ. ಗಾರ್ಮಿನ್, ವೂಪ್, ಔರಾ, ಫಿಟ್‌ಬಿಟ್ ಕೊಡೋದು ಆರ್‌ಎಂಎಸ್‌ಎಸ್‌ಡಿಯೇ, ಆದ್ರೆ ನಿದ್ದೆಯಲ್ಲಿ ಅಳೆದದ್ದು. ಎದ್ದು ಕೂತು ಅಳೆದದ್ದಕ್ಕೆ ಅದನ್ನೂ ಹೋಲಿಸೋ ಹಾಗಿಲ್ಲ. ರೆಸ್ಟಿಂಗ್ ಬಡಿತದ್ದೂ ಇದೇ ಕಥೆ. ಗಾರ್ಮಿನ್ 24 ಗಂಟೆಯಲ್ಲಿ ಅತಿ ಕಡಿಮೆ ಇದ್ದ 30 ನಿಮಿಷದ ಸರಾಸರಿ ಹಿಡಿಯುತ್ತೆ, ಅದು ಸಾಮಾನ್ಯವಾಗಿ ನಿದ್ದೆಯಲ್ಲಿ ಸಿಗುತ್ತೆ. ಬೆರಳಿಟ್ಟು ಎಣಿಸೋರಿಗೆ ಅದಕ್ಕಿಂತ ನಾಲ್ಕಾರು ಹೆಚ್ಚೇ ಬರುತ್ತೆ. ಎಣಿಸೋದಾದ್ರೆ ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಒಂದು ಬಡಿತ ತಪ್ಪಿದ್ರೂ ನಾಲ್ಕು ತಪ್ಪಿದ ಲೆಕ್ಕ.

24 ಮತ್ತು 95ಕ್ಕೆ ಹೇಳೋದು ಏನೂ ಇಲ್ಲ. ವಯಸ್ಸು, ಹುಟ್ಟು, ಉಸಿರಿನ ರೀತಿ ಎಲ್ಲ ಸೇರಿ ಆ ಅಂಕಿ ಬರುತ್ತೆ. 24ರವರು 95ರವರನ್ನ ಓಟದಲ್ಲಿ ಹಿಂದೆ ಹಾಕಬಹುದು. ಶೀಟಲ್ಲಿ ಹೆಚ್ಚಿನಿಂದ ಕಡಿಮೆಗೆ ಸಾರ್ಟ್ ಮಾಡಿಟ್ಟಿದ್ರೆ ಮೊದಲು ಅದನ್ನ ತೆಗೆಯಿರಿ.

ಅಳೆಯೋ ಕ್ರಮ: ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ವಾಟ್ಸಾಪ್ ನೋಡೋಕೂ ಮುಂಚೆ. ಬೆನ್ನು ಆನಿಸಿಕೊಂಡು ಕೂತು ಒಂದು ನಿಮಿಷ ಸುಮ್ಮನಿರಿ, ಆಮೇಲೆ ಎರಡು ನಿಮಿಷ ರೆಕಾರ್ಡ್ ಮಾಡಿ. ಉಸಿರು ತಾನಾಗಿ ಹೇಗೆ ಬರುತ್ತೋ ಹಾಗೆ. ಉಸಿರು ಒಳಗೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ, ಎಚ್‌ಆರ್‌ವಿಯ ದೊಡ್ಡ ಪಾಲು ಈ ಏರಿಳಿತವೇ. ಮೈಸೂರಿನವರಿಗೆ ಇದನ್ನ ಬಿಡಿಸಿ ಹೇಳಲೇಬೇಕು: ಪ್ರಾಣಾಯಾಮ ಮಾಡ್ತಾ ಅಳೆದ್ರೆ ಅಂಕಿ ಭರ್ಜರಿಯಾಗಿ ಏರುತ್ತೆ, ಹೇಳೋದು ಮಾತ್ರ ಏನೂ ಇರಲ್ಲ. ಅಳತೆ ಆದ ಮೇಲೆ ಮಾಡಿ. ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟು ಅಳೆಯೋ ಆಪ್‌ಗಳೂ ಪರವಾಗಿಲ್ಲ, ಆದ್ರೆ ಬೆರಳು ಹಗುರವಾಗಿರಲಿ. ಡಿಸೆಂಬರ್ ಚಳಿಯಲ್ಲಿ ಬೆರಳು ತಣ್ಣಗಿದ್ರೆ ಸಿಗ್ನಲ್ ಬರಲ್ಲ, ಕೈ ಉಜ್ಜಿಕೊಳ್ಳಿ.

ಲೆಕ್ಕ: ಮೂರ್ನಾಲ್ಕು ವಾರದ ರೀಡಿಂಗ್ ಇರಲಿ. ಅಂಕಿಯನ್ನ ನೇರವಾಗಿ ಬಳಸದೆ ಅದರ ನ್ಯಾಚುರಲ್ ಲಾಗ್ ತೆಗೆಯಿರಿ. ಆರ್‌ಎಂಎಸ್‌ಎಸ್‌ಡಿ ಮೇಲುಗಡೆಗೆ ಜಾಸ್ತಿ ಚಾಚುತ್ತೆ, ಲಾಗ್ ಅದನ್ನ ಹದಕ್ಕೆ ತರುತ್ತೆ. ಶೀಟಲ್ಲಿ ಎಲ್‌ಎನ್, ಆವರೇಜ್, ಎಸ್‌ಟಿಡೆವ್ ಮೂರು ಫಾರ್ಮುಲಾ ಸಾಕು. ಸರಾಸರಿ 4.00, ಸ್ಟ್ಯಾಂಡರ್ಡ್ ಡೀವಿಯೇಶನ್ 0.16 ಬಂತು ಅನ್ನಿ. ಅದರ ಅರ್ಧ 0.08. ಅಂದ್ರೆ 3.92ರಿಂದ 4.08, ಮಿಲಿಸೆಕೆಂಡ್‌ನಲ್ಲಿ 50ರಿಂದ 59, ಇದು ಆ ವ್ಯಕ್ತಿಯ ಮಾಮೂಲಿ ಪಟ್ಟಿ. ಇದಕ್ಕೆ ಹೋಲಿಸಬೇಕಾದ್ದು ಇವತ್ತಿನ ಅಂಕಿಯನ್ನಲ್ಲ, ಕಳೆದ 7 ದಿನದ ಸರಾಸರಿಯನ್ನ. ಇವತ್ತು 44 ಬಂದು ಏಳು ದಿನದ್ದು 52 ಇದ್ರೆ ಗಾಬರಿ ಬೇಡ.

ಮಂಡ್ಯ_ಸರ್ವೀಸ್‌ರೋಡ್ ಉತ್ತರ:

ನಾಡಿಯವರು ಅಳತೆ ಹೇಳಿದ್ರು, ಅಳೆದ ಮೇಲೆ ಏನ್ ಮಾಡ್ಬೇಕು ಅನ್ನೋದು ನಾನು ಹೇಳ್ತೀನಿ. ಸೈಕಲ್ಲಿಗೂ ಓಟಕ್ಕೂ ಲೆಕ್ಕ ಒಂದೇ.

ಬುಧವಾರ ಕೆಂಪಾಗೋದು ಸರಿಯಾಗೇ ಇದೆ ಕಣ್ರೀ. ಮಂಗಳವಾರ ಬೆಟ್ಟದಲ್ಲಿ ಏದುಸಿರು ಬಿಟ್ಟಿದ್ದೀರಾ, ಬುಧವಾರ ಹಸಿರು ಬಂದ್ರೇನೇ ಅನುಮಾನ ಪಡ್ಬೇಕು, ಯಾರೋ ಹತ್ತದೆ ಟೀ ಅಂಗಡಿ ಹತ್ರ ನಿಂತಿದ್ರು ಅಂತ. ಮಾತಾಡ್ಕೊಂಡು ಓಡೋ ವೇಗದ ಓಟ ಆದ್ರೆ ಎಚ್‌ಆರ್‌ವಿ 24 ಗಂಟೆ ಒಳಗೆ ವಾಪಸ್ ಬರುತ್ತೆ. ಟೆಂಪೊ ಆದ್ರೆ 24ರಿಂದ 48 ಗಂಟೆ. ಬೆಟ್ಟದ ಇಂಟರ್‌ವಲ್ ಥರದ್ದಕ್ಕೆ 48 ಗಂಟೆ ಕೊಡ್ಲೇಬೇಕು. ನಿಮ್ಮ ವಾರದಲ್ಲಿ ಬೆಟ್ಟಕ್ಕೂ ಟೆಂಪೊಗೂ ಮಧ್ಯೆ ಬರೀ ಒಂದು ದಿನ. ಹೊಸಬರಿಗೆ ಅದು ಬಿಗಿ ಆಯ್ತು. ಟೆಂಪೊನ ಶುಕ್ರವಾರಕ್ಕೆ ತಳ್ಳಿ, ಬುಧ ಗುರು ಎರಡೂ ಕೆರೆ ಏರಿ. ಅರ್ಧ ಕೆಂಪು ಅಲ್ಲೇ ಹೋಗುತ್ತೆ.

ಈಗ ಮಂಗಳವಾರ ಬೆಳಿಗ್ಗೆ ಏನ್ ನೋಡ್ಬೇಕು. ಎಚ್‌ಆರ್‌ವಿ ಎಳೆಗರು ಥರ, ಎತ್ತ ಬೇಕಾದ್ರೂ ನೆಗೆಯುತ್ತೆ. ರೆಸ್ಟಿಂಗ್ ಬಡಿತ ಎತ್ತು, ನಿಧಾನ, ಆದ್ರೆ ತಿರುಗ್ತು ಅಂದ್ರೆ ಏನೋ ಇದೆ ಅಂತಲೇ ಲೆಕ್ಕ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ನೋಡಿ.

ಏಳು ದಿನದ ಸರಾಸರಿ ಪಟ್ಟಿ ಒಳಗಿದ್ದು ರೆಸ್ಟಿಂಗ್ ಮಾಮೂಲಿಗಿಂತ 2–3ರ ಆಚೀಚೆ ಇದ್ರೆ ಆರು ಏರೂ ಹೊಡೀರಿ. ಇವತ್ತು ಒಂದು ದಿನ ಮಾತ್ರ ಎಚ್‌ಆರ್‌ವಿ ಕೆಳಗೆ, ರೆಸ್ಟಿಂಗ್ ಸರಿ ಇದೆ, ಮೈ ಭಾರ ಇಲ್ಲ ಅಂದ್ರೆ ಬೆಟ್ಟದ ಪಾದದ ತನಕ 15 ನಿಮಿಷ ನಿಧಾನವಾಗಿ ಓಡಿ ಮೊದಲ ಏರು ಹತ್ತಿ ನೋಡಿ. ಅದೇ ಜಾಗಕ್ಕೆ ಅದೇ ಹೊತ್ತಲ್ಲಿ ಅದೇ ಬಡಿತದಲ್ಲಿ ತಲುಪಿದ್ರೆ ಮುಂದುವರೀರಿ, ನಾಲ್ಕಕ್ಕೆ ನಿಲ್ಸಿ. ಏಳು ದಿನದ ಸರಾಸರಿನೇ ಪಟ್ಟಿಯಿಂದ ಕೆಳಗೆ ಜಾರಿದ್ರೆ ಬೆಟ್ಟ ಬೇಡ. ಓಡೋದು ಬಿಡ್ಬೇಡಿ, ಜೋರು ಬಿಡಿ. ಕೆರೆ ಮೇಲೆ 40 ನಿಮಿಷ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋ ಹಾಗೆ. ಒಂದು ವಾರ ಹೀಗೆ ಮಾಡಿದ್ರೂ ಮೇಲೆ ಬರ್ಲಿಲ್ಲ ಅಂದ್ರೆ ಕಿಲೋಮೀಟರಲ್ಲೂ ಮೂರನೇ ಒಂದು ಭಾಗ ಕಡಿದುಹಾಕಿ.

ಎಚ್‌ಆರ್‌ವಿ ಕೆಳಗೆ, ರೆಸ್ಟಿಂಗ್ ಎರಡು ಬೆಳಿಗ್ಗೆಯಿಂದ 5ಕ್ಕಿಂತ ಮೇಲೆ, ಗಂಟಲಲ್ಲಿ ಏನೋ ಕೆರೆತ. ಇದಕ್ಕೆ ಯೋಚನೆನೇ ಬೇಡ, ಶೂ ಕಟ್ಬೇಡಿ. ನೆಗಡಿ ಜ್ವರ ಕಾಣಿಸ್ಕೊಳ್ಳೋಕೆ ಒಂದೆರಡು ದಿನ ಮುಂಚೆನೇ ಬಡಿತ ಏರಿರುತ್ತೆ.

ಎಲ್ಲರೂ ಎಡವೋದು ಇನ್ನೊಂದು ಕಡೆ. ಎಚ್‌ಆರ್‌ವಿ ಕೆಳಗೆ, ರೆಸ್ಟಿಂಗೂ ಮಾಮೂಲಿಗಿಂತ ಕೆಳಗೆ, ಕಾಲು ಕಬ್ಬಿಣ, ಏರಲ್ಲಿ ಎಷ್ಟು ಒದ್ದಾಡಿದ್ರೂ ಬಡಿತ ಮೇಲೆ ಹೋಗ್ತಾನೇ ಇಲ್ಲ. ರೆಸ್ಟಿಂಗ್ ಇಳೀತು, ಫಿಟ್ ಆದೆ ಅಂತ ಖುಷಿ ಪಡ್ತಾರೆ. ಅದು ಫಿಟ್ ಆಗಿದ್ದಲ್ಲ, ದಣಿವು ಒಳಗೆ ಇಳಿದಿರೋದು. ಭಾರದ ಎರಡು ಮೂರು ವಾರ ಆದ್ಮೇಲೆ ಹೀಗೆ ಕಂಡ್ರೆ ಐದಾರು ದಿನ ಹಗುರ ಮಾಡಿ.

ಶೀಟಿಗೆ ಇನ್ನೊಂದು ಕಾಲಂ ಹಾಕಿ, ಹೆಸರು 'ನಿನ್ನೆ ರಾತ್ರಿ'. ತಡವಾಗಿ ಉಂಡ್ರೆ 'ತ', ಕುಡಿದ್ರೆ 'ಕ', ನಿದ್ದೆ ಕೆಟ್ರೆ 'ನಿ', ಸೆಕೆ ಅಥವಾ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ 'ಸೆ', ಊರಿಗೆ ಹೋಗಿ ಬಂದ್ರೆ 'ಊ'. ರಾತ್ರಿ ಹತ್ತೂವರೆಗೆ ಎರಡು ಮುದ್ದೆ ಇಳಿಸಿ ಮಲಗಿದ್ರೆ ರಾತ್ರಿಯ ಮೊದಲರ್ಧ ಬಡಿತ ಇಳಿಯಲ್ಲ. ಇಡೀ ರಾತ್ರಿ ಸರಾಸರಿ ತೆಗೆಯೋ ವಾಚಲ್ಲಿ ಎಚ್‌ಆರ್‌ವಿ ಕುಸಿದಿರುತ್ತೆ, ಬೆಳಿಗ್ಗೆ ಕೂತು ಅಳೆದ್ರೆ ಮಾಮೂಲಿ ಬಂದಿರುತ್ತೆ. ಎರಡೂ ನಿಜನೇ, ಕೇಳಿದ ಹೊತ್ತು ಬೇರೆ. ಎಣ್ಣೆ ವಿಷಯ ಹಾಗಲ್ಲ, ಬೆಳಿಗ್ಗೆವರೆಗೂ ಬಿಡಲ್ಲ. ನಮ್ ಕಡೆಯವರು ಹೊಸತೊಡಕಿನ ಮಾರನೇ ದಿನದ ರೀಡಿಂಗ್ ಹಿಡ್ಕೊಂಡು 'ಓವರ್‌ಟ್ರೈನಿಂಗ್ ಆಗಿದೆ' ಅಂತ ಇಲ್ಲಿ ಪೋಸ್ಟ್ ಹಾಕ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ.

ಹೀಗೆ ಎಚ್‌ಆರ್‌ವಿ ನೋಡಿ ಓಡಿಸೋದು ಹೊಸದೇನಲ್ಲ. ಫಿನ್ಲೆಂಡ್‌ನವರು 2007ರಲ್ಲೇ ಪರೀಕ್ಷೆ ಮಾಡಿದ್ದಾರೆ. ಬೆಳಿಗ್ಗೆ ಅಂಕಿ ಇಳಿದ್ರೆ ಹಗುರ, ಇಲ್ದಿದ್ರೆ ಜೋರು ಅಂತ ನಡೆಸಿದ ಗುಂಪು, ಮೊದಲೇ ಬರೆದಿಟ್ಟ ವೇಳಾಪಟ್ಟಿ ಹಿಡಿದವರಿಗಿಂತ ಹೆಚ್ಚು ವೇಗ ಗಳಿಸ್ತು. ಸಣ್ಣ ಗುಂಪು, ಕೆಲವೇ ವಾರ, ಅದನ್ನೇ ವೇದವಾಕ್ಯ ಮಾಡ್ಕೋಬೇಡಿ.

ಲಿಂಗಾಂಬುಧಿ_ಲೂಪ್ ಉತ್ತರ:

ಹನ್ನೆರಡು ಜನರಲ್ಲಿ ಹೆಂಗಸರಿದ್ದರೆ ಮೇಲಿನ ಮೂರ್ನಾಲ್ಕು ವಾರದ ಲೆಕ್ಕ ಅವರಿಗೆ ಸಾಲುವುದಿಲ್ಲ. ಅಂಡೋತ್ಪತ್ತಿಯ ನಂತರ ಮುಟ್ಟು ಬರುವ ತನಕ ರೆಸ್ಟಿಂಗ್ ಬಡಿತ ಎರಡು ಮೂರು ಹೆಚ್ಚಿರುವುದು, ಎಚ್‌ಆರ್‌ವಿ ಸ್ವಲ್ಪ ತಗ್ಗುವುದು ಸಹಜ. ಮೈಯ ಉಷ್ಣತೆಯೂ ಆಗ ತುಸು ಏರಿರುತ್ತದೆ. ಪಟ್ಟಿಯನ್ನು ಮುಟ್ಟಾದ ಮೊದಲ ಎರಡು ವಾರದ ಅಂಕಿಗಳಿಂದ ಕಟ್ಟಿದರೆ ಆಮೇಲಿನ ಎರಡು ವಾರ ಪ್ರತಿ ತಿಂಗಳೂ ಕೆಂಪು. ಮಾಮೂಲಿ ಪಟ್ಟಿಗೆ 60 ದಿನದ ಬೇಸ್‌ಲೈನ್ ಇಡಿ, ಎರಡು ಚಕ್ರ ಅದರೊಳಗೆ ಬರುತ್ತವೆ. ಜೊತೆಗೆ ಚಕ್ರದ ಎಷ್ಟನೇ ದಿನ ಅನ್ನುವ ಕಾಲಂ ಇರಲಿ. ಅದನ್ನು ಹನ್ನೆರಡು ಜನ ನೋಡುವ ಶೀಟಿಗೆ ತುಂಬಿಸಿ ಅಂತ ಯಾರನ್ನೂ ಕೇಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಇನ್ನೊಂದು ಮಾತು. ರೆಸ್ಟಿಂಗ್ ಬಡಿತ ವಾರದಿಂದ ವಾರಕ್ಕೆ ಮೆಲ್ಲಗೆ ಏರುತ್ತಿದ್ದು, ಕೆರೆ ಏರಿಯ ಸಲೀಸು ಓಟದಲ್ಲೂ ಏದುಸಿರು ಬರುತ್ತಿದ್ದರೆ ಟ್ರೈನಿಂಗ್ ಪ್ಲಾನ್ ತಿದ್ದುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ರಕ್ತ ಕಡಿಮೆ ಇದ್ದಾಗ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಲೇಬೇಕು. ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ ಮಾತ್ರ ತಳ ಕಂಡಿರುವುದೂ ಉಂಟು, ಅದನ್ನು ಬರೆಸಿಕೊಳ್ಳದಿದ್ದರೆ ಲ್ಯಾಬಿನವರು ತಾವಾಗಿ ಮಾಡುವುದಿಲ್ಲ. ಊಟ ಆದ ಕೂಡಲೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಒಪಿಡಿ_ಮುಗಿಸಿ ಉತ್ತರ:

54ರ ಹಿರಿಯರ ಬಗ್ಗೆ ಬರೆಯುತ್ತೇನೆ, ಅದು ಎರಡು ಥರ ಇರಬಹುದು.

ದೇಹಕ್ಕೆ ಸುಮ್ಮನಿದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿ.ಲೀ. ತಳ್ಳುವ ಹೃದಯ 70 ಸಲ ಬಡಿಯಬೇಕು, 100 ಮಿ.ಲೀ. ತಳ್ಳುವುದಕ್ಕೆ 50 ಸಾಕು. ವರ್ಷಗಟ್ಟಲೆ ಓಡಿದವರಲ್ಲಿ ಹೃದಯದ ಕೋಣೆ ಹಿಗ್ಗಿರುತ್ತದೆ, ವೇಗಸ್ ನರದ ಹಿಡಿತವೂ ಬಿಗಿಯಾಗಿರುತ್ತದೆ. ಬಡಿತ ಹುಟ್ಟುವ ಸೈನಸ್ ನೋಡ್ ಕೂಡ ಬದಲಾಗುತ್ತದೆ. ಅಲ್ಲಿನ ಎಚ್‌ಸಿಎನ್4 ಅನ್ನುವ ಅಯಾನ್ ಚಾನಲ್ ವ್ಯಾಯಾಮದಿಂದ ತಗ್ಗುವುದನ್ನು ಮ್ಯಾಂಚೆಸ್ಟರ್‌ನ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಹಾಗಾಗಿ ಲಕ್ಷಣಗಳಿಲ್ಲದ ಓಟಗಾರನಲ್ಲಿ 43 ಅಂದರೆ ಅದೊಂದೇ ಕಾರಣಕ್ಕೆ ಹೆದರಬೇಕಿಲ್ಲ.

ಬಡಿತ ಇಷ್ಟು ಇಳಿದಾಗ ವೇಗಸ್ ನರ ಉಸಿರಿನ ಎರಡೂ ಹೊತ್ತಿನಲ್ಲಿ ಹೃದಯವನ್ನು ಹಿಡಿದೇ ಇರುತ್ತದೆ. ಉಸಿರಿಗೆ ತಕ್ಕ ಏರಿಳಿತವೇ ಕಡಿಮೆಯಾಗಿ ಎಚ್‌ಆರ್‌ವಿ ಇಳಿದ ಹಾಗೆ ಕಾಣುತ್ತದೆ. ಇದಕ್ಕೆ ಸ್ಯಾಚುರೇಶನ್ ಅನ್ನುತ್ತಾರೆ. ಓಟ ಚೆನ್ನಾಗಿದೆ, ನಿದ್ದೆ ಹಸಿವು ಸರಿ ಇದೆ ಅಂದರೆ ಹೆಚ್ಚಾಗಿ ಇದೇ. ಮಂಡ್ಯದವರು ಹೇಳಿದ ಒಳದಣಿವಿನಲ್ಲೂ ಎರಡು ಅಂಕಿ ಹೀಗೇ ಇಳಿಯುತ್ತವೆ, ಆದರೆ ಅಲ್ಲಿ ಓಟ ಕೆಟ್ಟಿರುತ್ತದೆ. ಬೇರ್ಪಡಿಸಲು ನಿಂತು ಅಳೆಯುವುದು ಒಳ್ಳೆಯದು. ನಿಂತಾಗ ವೇಗಸ್ ಹಿಡಿತ ಸಡಿಲವಾಗಿ ಅಂಕಿಗೆ ಮತ್ತೆ ಜೀವ ಬರುತ್ತದೆ.

ಈಗ ನಿಜವಾಗಿ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭ. ಬಡಿತ ಕಡಿಮೆ ಇದ್ದು ತಲೆ ಸುತ್ತು, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು. ಅದರಲ್ಲೂ ಓಡುತ್ತಿರುವಾಗಲೇ ಎಚ್ಚರ ತಪ್ಪಿದರೆ ಅವತ್ತೇ. ಏರು ಹತ್ತುವಾಗ ಎದೆ ಹಿಂಡಿ, ನಿಂತರೆ ಹೋಗುವುದು. ನೆನ್ನೆ ಸಲೀಸಾಗಿದ್ದ ವೇಗಕ್ಕೆ ಇವತ್ತು ಉಸಿರೇ ಸಾಲದಿರುವುದು. ಮತ್ತೆ ಆ 126ರ ಥರದ್ದು: ಒಂದು ದಿನದ್ದಾದರೆ ನಾಡಿಯವರ ವಿವರಣೆ ಸಾಕು. ದಿನ ಬಿಟ್ಟು ದಿನ ಬರುತ್ತಿದ್ದು, ಮಣಿಕಟ್ಟಿನಲ್ಲಿ ಬೆರಳಿಟ್ಟರೆ ನಾಡಿ ಲಯವೇ ಇಲ್ಲದೆ ಅಡ್ಡಾದಿಡ್ಡಿ ಓಡುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳ ಲಯ ತಪ್ಪುವ ತೊಂದರೆ) ಇರಬಹುದು. ವರ್ಷಾನುಗಟ್ಟಲೆ ದೂರ ಓಡಿದ, ಸೈಕಲ್ ತುಳಿದ ನಡುವಯಸ್ಸಿನ ಗಂಡಸರಲ್ಲಿ ಇದು ಸಾಮಾನ್ಯರಿಗಿಂತ ಹೆಚ್ಚು. ಆಪ್ ಅದನ್ನು 'ಅತ್ಯುತ್ತಮ ಚೇತರಿಕೆ' ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಇಸಿಜಿ ತೆಗೆಸಿ.

ಜ್ವರ ಇದ್ದಾಗ ಓಡಬೇಡಿ ಅನ್ನುವುದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ವೈರಸ್ ಹೃದಯದ ಸ್ನಾಯುವಿಗೆ ಇಳಿದಿದ್ದರೆ ಆ ಹೊತ್ತಿನ ವ್ಯಾಯಾಮ ಅಪಾಯಕ್ಕೆ ದಾರಿ. ಜ್ವರ ಬಿಟ್ಟು, ರೆಸ್ಟಿಂಗ್ ಬಡಿತ ಹಳೆಯ ಜಾಗಕ್ಕೆ ಬಂದ ಮೇಲೆ ನಡಿಗೆಯಿಂದ ಶುರು ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ ಜಾಸ್ತಿ. ಅದು ಬಿಟ್ಟ ಮೇಲಿನ ದಿನಗಳಲ್ಲಿ ಬಡಿತ 50ರ ಕೆಳಗೆ ಹೋಗುವುದು ಕಾಣಸಿಗುತ್ತದೆ. ವಾಚ್ ನೋಡಿ ಚೇತರಿಸಿಕೊಂಡೆ ಅಂದುಕೊಳ್ಳುವುದು ಅಲ್ಲೇ ತಪ್ಪುತ್ತದೆ. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರ ರೆಸ್ಟಿಂಗ್ ಬಡಿತ ಮಾತ್ರೆಯ ಬಡಿತ. ಅವರ ಹಾಳೆಯಲ್ಲಿ ಮಾತ್ರೆ ಶುರುವಾದ ದಿನ, ಡೋಸ್ ಬದಲಾದ ದಿನ ಗುರುತಿರಲಿ. ಬಡಿತ ಏರಲಿ ಅಂತ ಮಾತ್ರೆ ಬಿಡಬೇಡಿ.

ಎಚ್‌ಆರ್‌ವಿ ಚೆನ್ನಾಗಿದೆ, ಆದ್ದರಿಂದ ಬ್ಲಾಕೇಜ್ ಇಲ್ಲ ಅನ್ನುವ ಮಾತು ಓಟದ ಗುಂಪುಗಳಲ್ಲಿ ಓಡಾಡುತ್ತಿದೆ. ಈ ಅಂಕಿ ಹೃದಯವನ್ನು ಆಳುವ ನರಗಳ ಬಗ್ಗೆ ಹೇಳುತ್ತದೆಯೇ ಹೊರತು ರಕ್ತನಾಳದ ಬಗ್ಗೆ ತುಟಿ ಬಿಚ್ಚುವುದಿಲ್ಲ. 40 ದಾಟಿದವರು, ಮನೆಯಲ್ಲಿ ಹೃದಯದ ಕಾಯಿಲೆ ಇರುವವರು, ಸಕ್ಕರೆ, ಬಿಪಿ, ಬೀಡಿ ಸಿಗರೇಟಿನವರು ಬೆಟ್ಟದ ಇಂಟರ್‌ವಲ್ ಶುರು ಮಾಡುವ ಮೊದಲು ಡಾಕ್ಟರನ್ನು ಕಂಡು ಅವರು ಹೇಳಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿ. ಎಲ್ಲೆಲ್ಲಿಂದಲೋ ಜನ ಕೆಆರ್‌ಎಸ್ ರಸ್ತೆಯ ಜಯದೇವಕ್ಕೆ ಬಸ್ ಹತ್ತಿ ಬರುತ್ತಾರೆ, ನಿಮಗದು ಊರೊಳಗೇ ಇದೆ.

ಬೆಟ್ಟದಪಾದ_5ಗಂಟೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಳೆ ಒಡೆಯೋದು ಇವತ್ತೇ ಮಾಡ್ತೀನಿ, ಸಾರ್ಟ್ ಮಾಡಿಟ್ಟಿದ್ದು ನಿಜ, ಹೇಗೆ ಗೊತ್ತಾಯ್ತೋ! ಎರಡು ಪ್ರಶ್ನೆ ಉಳಿದಿದೆ. ಹಿರಿಯರು ನಿಂತು ಅಳೆಯೋದಾದ್ರೆ ಹೇಗೆ? ಇನ್ನೊಂದು, ಮಂಗಳವಾರ ಎಲ್ಲರೂ 4:15ಕ್ಕೆ ಅಲಾರಂ ಇಟ್ಟು ಏಳ್ತಾರೆ, ಬೇರೆ ದಿನ ಆರಕ್ಕೆ. ಅದಕ್ಕೇ ಮಂಗಳವಾರದ ಅಂಕಿ ಕೆಟ್ಟು ಬರ್ತಿದೆಯಾ?

ನಾಡಿ_ಮಿಲಿಸೆಕೆಂಡ್:

ನಿಲ್ಲೋದು ಹೀಗೆ: ಮೂರು ನಿಮಿಷ ಮಲಗಿ ರೆಕಾರ್ಡ್ ಮಾಡಿ, ನಿಲ್ಲಿಸದೆ ಎದ್ದು ನಿಂತು ಇನ್ನೂ ಮೂರು ನಿಮಿಷ. ಎದ್ದ ತಕ್ಷಣ ಬಡಿತ ಜಿಗಿಯುತ್ತೆ, ಹದಿನೈದು ಸೆಕೆಂಡ್ ಆಸುಪಾಸು ತುದಿ ಮುಟ್ಟಿ ಮೂವತ್ತರ ಹೊತ್ತಿಗೆ ಇಳಿಯುತ್ತೆ, ಆಮೇಲೆ ಒಂದು ಕಡೆ ನೆಲೆ ನಿಲ್ಲುತ್ತೆ. ನಿಂತ ಮೊದಲ ಒಂದು ನಿಮಿಷ ಬಿಟ್ಟುಹಾಕಿ ಉಳಿದ ಎರಡು ನಿಮಿಷದ ಆರ್‌ಎಂಎಸ್‌ಎಸ್‌ಡಿ ತೆಗೆಯಿರಿ. ಮಲಗಿದಾಗಿನ ಬಡಿತ, ನಿಂತಾಗಿನ ಬಡಿತ, ಎರಡರ ವ್ಯತ್ಯಾಸವನ್ನೂ ಬರೆದಿಡಿ. ಅವರಿಗೆ ದಿನಾ 14 ಇದ್ದ ವ್ಯತ್ಯಾಸ ಎರಡು ಮೂರು ದಿನ 24 ಬಂದ್ರೆ ನೀರು ಕಡಿಮೆಯಾಗಿದೆ, ಇಲ್ಲಾ ದಣಿವು, ಇಲ್ಲಾ ಜ್ವರದ ಮುನ್ಸೂಚನೆ. ಗೋಡೆಗೆ ಒರಗಬಾರದು, ಕಾಲು ಅದಲುಬದಲು ಮಾಡಬಾರದು. ತಲೆ ಸುತ್ತಿದ್ರೆ ಕೂತುಬಿಡಲಿ. ಹಳೆಯ ಕೂತು ಅಳೆದ ಅಂಕಿಗಳ ಜೊತೆ ಇದನ್ನ ಬೆರೆಸಬೇಡಿ, ಹೊಸ ಹಾಳೆ, ಹೊಸ ಮೂರು ವಾರ.

ಅಲಾರಂ ವಿಷಯ ಹೌದು. ಎಚ್ಚರವಾಗೋ ಹೊತ್ತು ಎರಡು ಗಂಟೆ ಆಚೀಚೆ ಆದ್ರೆ ನಿದ್ದೆಯೂ ಕಡಿಮೆ, ದೇಹದ ಗಡಿಯಾರದಲ್ಲೂ ಅದು ಬೇರೆ ಗಳಿಗೆ. ಹಾಗಾಗಿ ಮಂಗಳವಾರದ ಅಂಕಿಯನ್ನ ಹಿಂದಿನ ಮಂಗಳವಾರಗಳ ಜೊತೆ ಇಟ್ಟು ನೋಡಿ, ನಿರ್ಧಾರಕ್ಕೆ ಸೋಮವಾರದವರೆಗಿನ ಏಳು ದಿನದ ಸರಾಸರಿ ಬಳಸಿ. ಸೋಮವಾರ ರಾತ್ರಿಯೇ ಬೆಟ್ಟವೋ ಕೆರೆಯೋ ಅಂತ ಗುಂಪಿಗೆ ಮೆಸೇಜ್ ಹಾಕಬಹುದು. ಬೆಳಿಗ್ಗೆ ರೆಸ್ಟಿಂಗ್ ಬಡಿತ 5ಕ್ಕಿಂತ ಹೆಚ್ಚು ಏರಿದವರು ಮಾತ್ರ ಆಗ ಹಿಂದೆ ಸರಿಯಲಿ.

ಮಂಡ್ಯ_ಸರ್ವೀಸ್‌ರೋಡ್:

ಒಂದು ಬಿಟ್ಟೋಯ್ತು. ಸ್ಟ್ರಾಪ್ ತೆಗೆದ ಮೇಲೆ ಮುಂದಿನ ಪಾಡ್‌ನ, ಅಂದ್ರೆ ಸೆಲ್ ಇರೋ ಡಬ್ಬಿನ, ಪಟ್ಟಿಯ ಬಟನ್‌ನಿಂದ ಬಿಚ್ಚಿಡಿ. ಒದ್ದೆ ಪಟ್ಟಿಗೆ ಹಾಗೇ ಸಿಕ್ಕಿಸಿ ಮೊಳೆಗೆ ನೇತುಹಾಕಿದ್ರೆ ಅದು ಯಾರೋ ಹಾಕ್ಕೊಂಡಿದ್ದಾರೆ ಅಂತಲೇ ತಿಳ್ಕೊಂಡು ಆನ್ ಆಗೇ ಇರುತ್ತೆ. ಪೋಲಾರ್ ಎಚ್10ಗೆ ಸಿಆರ್2025 ಸೆಲ್, ಗಾರ್ಮಿನ್ ಡ್ಯುಯಲ್‌ಗೆ ಸಿಆರ್2032, ನೋಡೋಕೆ ಒಂದೇ ಥರ, ದಪ್ಪ ಬೇರೆ. ಅಂಗಡಿಗೆ ಹಳೇದನ್ನ ತಗೊಂಡು ಹೋಗಿ.